ಗುರುಪೀಠ ಮತ್ತು ಮತಪೆಟ್ಟಿಗೆ

2023ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರು ಮೂಲದ ಆನ್‌ಲೈನ್ ಶಿಕ್ಷಣ ಸಂಸ್ಥೆ ಅನ್‌ಅಕಾಡೆಮಿ ತನ್ನ ಕಾನೂನು ಬೋಧಕರೊಬ್ಬರನ್ನು ಕೆಲಸದಿಂದ ತೆಗೆಯಿತು. ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮಗಳ ಜಾಗಕ್ಕೆ ಮೂರು ಹೊಸ ಮಸೂದೆಗಳು ಆಗಷ್ಟೇ ಸಂಸತ್ತಿನಲ್ಲಿ ಮಂಡನೆಯಾಗಿದ್ದವು. ತಾವು ಸಿದ್ಧಪಡಿಸಿದ ಟಿಪ್ಪಣಿಗಳೆಲ್ಲ ವ್ಯರ್ಥವಾದವೆಂದು ನೊಂದುಕೊಂಡ ಆ ಬೋಧಕರು, ಮುಂದಿನ ಸಲ ಮತ ಹಾಕುವಾಗ ವಿದ್ಯಾವಂತರನ್ನು ಆರಿಸಿರಿ ಎಂದು ವಿದ್ಯಾರ್ಥಿಗಳಿಗೆ ಹೇಳಿದ್ದರು. ತರಗತಿಯು ವೈಯಕ್ತಿಕ ಅಭಿಪ್ರಾಯಗಳನ್ನು ಹಂಚಿಕೊಳ್ಳುವ ಸ್ಥಳವಲ್ಲ ಎಂಬುದು ಸಂಸ್ಥೆಯ ಸಮರ್ಥನೆಯಾಗಿತ್ತು.

ಅಂದು ದೇಶವು ಎರಡಾಗಿ ಮಾತನಾಡಿತು. ಒಂದು ಪಾಳೆಯಕ್ಕೆ ಆ ಬೋಧಕರು ಹುತಾತ್ಮರು, ಇನ್ನೊಂದಕ್ಕೆ ಅಪರಾಧಿ. ಗಮನಿಸಬೇಕಾದ ಸಂಗತಿಯೆಂದರೆ, ಶಿಕ್ಷಕರ ರಾಜಕೀಯದ ಬಗ್ಗೆ ಜನರ ತತ್ತ್ವವು ಶಿಕ್ಷಕರು ಯಾವ ಪಕ್ಷವನ್ನು ಟೀಕಿಸಿದರು ಎಂಬುದನ್ನು ನೋಡಿಕೊಂಡು ಬದಲಾಗುತ್ತದೆ. ತನಗೆ ಒಪ್ಪಿಗೆಯಾದ ಮಾತನ್ನು ಶಿಕ್ಷಕ ಆಡಿದರೆ ಅದು ಸಂಸ್ಕಾರ. ಒಪ್ಪಿಗೆಯಾಗದ ಮಾತನ್ನು ಆಡಿದರೆ ಅದು ರಾಜಕೀಯ. ಮುಂಬಯಿ, ಪುಣೆ, ಹೈದರಾಬಾದುಗಳ ಜೈನ ಕುಟುಂಬಗಳ ವಾಟ್ಸ್‌ಆ್ಯಪ್ ಗುಂಪುಗಳೂ ಈ ದೋಷದಿಂದ ಮುಕ್ತವಾಗಿಲ್ಲ. ಆದುದರಿಂದ, ಶಿಕ್ಷಕರು ತಮ್ಮ ರಾಜಕೀಯ ಅಭಿಪ್ರಾಯವನ್ನು ವಿದ್ಯಾರ್ಥಿಗಳೊಡನೆ ಹಂಚಿಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಯಾವ ಪಕ್ಷದ ಹೆಸರನ್ನೂ ನೆನೆಯದೆ ವಿಚಾರಿಸುವುದು ಒಳ್ಳೆಯದು.

ಮೊದಲಿಗೆ ಒಂದು ಭ್ರಮೆಯನ್ನು ಬಿಡಬೇಕು. ಶಿಕ್ಷಕನಿಗೆ ರಾಜಕೀಯವೇ ಇರಬಾರದೆಂಬ ಮಾತಿಗೆ ಸಂವಿಧಾನದ ಬೆಂಬಲವಿಲ್ಲ. 19ನೆಯ ವಿಧಿಯ ವಾಕ್‌ಸ್ವಾತಂತ್ರ್ಯವು ಎಲ್ಲ ನಾಗರಿಕರಿಗೂ ಸಲ್ಲುವಂತೆ ಶಿಕ್ಷಕನಿಗೂ ಸಲ್ಲುತ್ತದೆ. ಅಷ್ಟೇ ಅಲ್ಲದೆ, 171ನೆಯ ವಿಧಿಯು ವಿಧಾನ ಪರಿಷತ್ತಿನ ಸುಮಾರು ಹನ್ನೆರಡನೆಯ ಒಂದು ಭಾಗದ ಸದಸ್ಯರನ್ನು ಶಿಕ್ಷಕರೇ ಆರಿಸಿ ಕಳುಹಿಸುವಂತೆ ವಿಧಿಸಿದೆ. ಕರ್ನಾಟಕದಲ್ಲಿ ಮತ್ತು ಮಹಾರಾಷ್ಟ್ರದಲ್ಲಿ ತಲಾ 7, ತೆಲಂಗಾಣದಲ್ಲಿ 3 ಸ್ಥಾನಗಳು ಶಿಕ್ಷಕರ ಕ್ಷೇತ್ರಗಳಿಗೆ ಮೀಸಲಾಗಿವೆ. ಬೇರೆ ಯಾವ ವೃತ್ತಿಯವರಿಗೂ, ವೈದ್ಯರಿಗಾಗಲಿ ವಕೀಲರಿಗಾಗಲಿ, ಇಂಥ ಕ್ಷೇತ್ರವಿಲ್ಲ. ಸರಕಾರಿ ಶಿಕ್ಷಕರು ಪಕ್ಷದ ಸದಸ್ಯರಾಗಬಾರದು, ಪ್ರಚಾರ ಮಾಡಬಾರದು ಎಂದು ಸೇವಾ ನಡತೆಯ ನಿಯಮಗಳು ನಿರ್ಬಂಧಿಸುತ್ತವೆ, ನಿಜ. ಆದರೆ ಅವು ನಿರ್ಬಂಧಿಸುವುದು ಆಚರಣೆಯನ್ನು. ಶಿಕ್ಷಕನ ವಿಚಾರಶಕ್ತಿಯನ್ನು ಯಾವ ನಿಯಮವೂ ವಶಪಡಿಸಿಕೊಂಡಿಲ್ಲ.

ಹಾಗಿದ್ದರೆ ತೊಡಕು ಎಲ್ಲಿದೆ? ಅದು ತರಗತಿಯ ಬಾಗಿಲು ಮುಚ್ಚಿದ ಮೇಲೆ ಒಳಗೆ ಉಂಟಾಗುವ ಅಸಮಾನತೆಯಲ್ಲಿದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1917ರಲ್ಲಿ ಮ್ಯೂನಿಕ್ ನಗರದಲ್ಲಿ ಮಾಡಿದ ಪ್ರಸಿದ್ಧ ಉಪನ್ಯಾಸದಲ್ಲಿ ಇದನ್ನೇ ಎತ್ತಿ ತೋರಿಸಿದ್ದರು. ಬೀದಿಯ ಸಭೆಯಲ್ಲಿ ಭಾಷಣಕಾರನಿಗೆ ಎದುರಾಡಬಹುದು, ಎದ್ದು ಹೋಗಬಹುದು. ವಿದ್ಯಾರ್ಥಿಯಾದರೋ ಕುಳಿತು ಕೇಳಲೇಬೇಕು. ಪರೀಕ್ಷೆಯಲ್ಲಿ ಉತ್ತೀರ್ಣನಾಗುವ ಸಲುವಾಗಿ ಆ ತರಗತಿಗೆ ಬರಲೇಬೇಕು. ಎದುರಾಡಲಾರದವರ ಮುಂದೆ ತನ್ನ ಪಕ್ಷದ ಮಾತನ್ನು ಹೇರುವುದು ಪೌರುಷವೂ ಅಲ್ಲ, ಪ್ರಾಮಾಣಿಕತೆಯೂ ಅಲ್ಲ ಎಂಬುದು ಅವರ ವಾದದ ಸಾರ.

ಈ ಮಾತನ್ನು ಇಂದಿನ ಶಾಲೆಗೆ ತಂದು ನೋಡಬಹುದು. ಸಿಬಿಎಸ್‌ಇ ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ 100 ಅಂಕಗಳ ಪೈಕಿ 20 ಅಂಕಗಳು ಶಾಲೆಯೊಳಗಿನ ಮೌಲ್ಯಮಾಪನಕ್ಕೆ ಸೇರಿವೆ. ಆ 20 ಅಂಕಗಳ ಲೇಖನಿ ಹಿಡಿದವರು ಅದೇ ಶಿಕ್ಷಕರು. ಮೀಸಲಾತಿಯ ಬಗ್ಗೆಯೋ ಹಿಂದಿಯ ಬಗ್ಗೆಯೋ ಶಿಕ್ಷಕರು ತಮ್ಮ ತೀರ್ಪನ್ನು ಕೊಟ್ಟುಬಿಟ್ಟ ಮೇಲೆ, ಅದಕ್ಕೆ ವಿರುದ್ಧವಾದ ಉತ್ತರವನ್ನು ಬರೆಯಲು ಹದಿನೈದು ವರ್ಷದ ಬಾಲಕಿಗೆ ಎಷ್ಟು ಧೈರ್ಯ ಬೇಕು! ಅವಳು ಸುಮ್ಮನಿದ್ದರೆ ಅದನ್ನು ಒಪ್ಪಿಗೆಯೆಂದು ಎಣಿಸಲಾಗುತ್ತದೆ. ಪರಭಾಷೆಯ ಊರಿನಲ್ಲಿ, ನಲವತ್ತು ಮಂದಿಯ ನಡುವೆ ಒಬ್ಬಳೇ ಕನ್ನಡದವಳೂ ಒಬ್ಬಳೇ ಜೈನಳೂ ಆಗಿ ಕುಳಿತ ಮಗುವಿಗೆ ಆ ಧೈರ್ಯ ಇನ್ನೂ ದುರ್ಲಭ. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮು ಮಗುವನ್ನು ಭಯದಿಂದ ಬಿಡಿಸಿ, ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಲು ನೆರವಾಗಬೇಕೆನ್ನುತ್ತದೆ. ಆ ದೃಷ್ಟಿಯಿಂದ ನೋಡಿದರೆ ತರಗತಿಯಲ್ಲಿ ಮೊದಲು ಕಾಯಬೇಕಾದುದು ಮಗುವಿನ ವಾಕ್‌ಸ್ವಾತಂತ್ರ್ಯವನ್ನು; ಶಿಕ್ಷಕನದು ಅದರ ನಂತರದ್ದು.

ಇದರಿಂದ ಶಿಕ್ಷಕರು ಬಾಯಿ ಮುಚ್ಚಿಕೊಂಡಿರಬೇಕೆಂಬ ತೀರ್ಮಾನಕ್ಕೆ ಬರುವವರಿದ್ದಾರೆ. ಅದು ಇನ್ನೊಂದು ತಪ್ಪು. ಚುನಾವಣೆ, ತೆರಿಗೆ, ಜಾತಿ, ಭಾಷೆ, ನೀರಿನ ಹಂಚಿಕೆ ಇವೆಲ್ಲವನ್ನೂ ಬಿಟ್ಟು ಪೌರನೀತಿಯನ್ನು ಕಲಿಸುವುದು ಈಜನ್ನು ದಡದ ಮೇಲೆ ಕಲಿಸಿದಂತೆ. 1989ರಿಂದ ಈ ದೇಶದಲ್ಲಿ ಹದಿನೆಂಟು ತುಂಬಿದವರು ಮತದಾರರು. ಶಾಲೆಯಿಂದ ಹೊರಬಿದ್ದ ಕೆಲವೇ ತಿಂಗಳಲ್ಲಿ ಮತಗಟ್ಟೆಗೆ ಹೋಗುವವರಿಗೆ ರಾಜಕೀಯವನ್ನು ಚರ್ಚಿಸುವ ಸಭ್ಯ ರೀತಿಯನ್ನು ಶಾಲೆ ಕಲಿಸದಿದ್ದರೆ, ಅದನ್ನು ಮೊಬೈಲು ತನ್ನದೇ ರೀತಿಯಲ್ಲಿ ಕಲಿಸುತ್ತದೆ.

ಈ ಇಕ್ಕಟ್ಟಿನಿಂದ ಪಾರಾಗುವ ಒಂದು ದಾರಿಯನ್ನು ಪಶ್ಚಿಮ ಜರ್ಮನಿ ಕಂಡುಕೊಂಡಿತ್ತು. ಶಾಲೆಗಳಲ್ಲಿ ಯಾವ ರಾಜಕೀಯವನ್ನು ಕಲಿಸಬೇಕೆಂದು ಎಡಬಲಗಳ ನಡುವೆ ಅಲ್ಲಿ ತೀವ್ರ ಜಗಳ ನಡೆದಿದ್ದ ಕಾಲ. 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಸೇರಿದ ಶಿಕ್ಷಣತಜ್ಞರು, ಪರಸ್ಪರ ಭಿನ್ನಮತದವರಾಗಿದ್ದರೂ, ಮೂರು ಸೂತ್ರಗಳಲ್ಲಿ ಒಮ್ಮತ ಕಂಡರು. ವಿದ್ಯಾರ್ಥಿಯನ್ನು ಅಭಿಪ್ರಾಯದಿಂದ ಮಣಿಸಿ, ತಾನೇ ತೀರ್ಮಾನಕ್ಕೆ ಬರುವ ಅವಕಾಶವನ್ನು ಕಸಿಯಕೂಡದು ಎಂಬುದು ಮೊದಲನೆಯದು. ಸಮಾಜದಲ್ಲಿಯೂ ವಿದ್ವಾಂಸರಲ್ಲಿಯೂ ವಿವಾದಾಸ್ಪದವಾದುದನ್ನು ತರಗತಿಯಲ್ಲಿಯೂ ವಿವಾದಾಸ್ಪದವೆಂದೇ ಮುಂದಿಡಬೇಕು ಎಂಬುದು ಎರಡನೆಯದು. ರಾಜಕೀಯ ಪರಿಸ್ಥಿತಿಯನ್ನೂ ಅದರಲ್ಲಿ ತನ್ನ ಹಿತವನ್ನೂ ವಿದ್ಯಾರ್ಥಿ ತಾನೇ ವಿಶ್ಲೇಷಿಸಲು ಶಕ್ತನಾಗಬೇಕು ಎಂಬುದು ಮೂರನೆಯದು. ನಾತ್ಸಿ ಕಾಲದಲ್ಲಿ ಶಾಲೆಯೇ ಪಕ್ಷದ ಅಂಗವಾಗಿದ್ದುದನ್ನು ಕಂಡ ದೇಶವು ಈ ಪಾಠವನ್ನು ಅಗ್ಗವಾಗಿ ಕಲಿತಿರಲಿಲ್ಲ.

ಎರಡನೆಯ ಸೂತ್ರದ ಮಿತಿಯನ್ನೂ ಅರಿಯಬೇಕು. ಎಲ್ಲವೂ ವಿವಾದಾಸ್ಪದವಲ್ಲ. ಅಸ್ಪೃಶ್ಯತೆಯನ್ನು 17ನೆಯ ವಿಧಿಯು ನಿರ್ಮೂಲಗೊಳಿಸಿದೆ. ಅದಕ್ಕೆ ಎರಡು ಪಕ್ಕಗಳಿವೆಯೆಂದು ಯಾವ ಶಿಕ್ಷಕನೂ ಬೋಧಿಸಬೇಕಾಗಿಲ್ಲ. ಹೆಣ್ಣುಮಗುವಿಗೂ ಗಂಡುಮಗುವಿಗೂ ಸಮಾನ ಹಕ್ಕಿದೆ ಎಂಬುದು ಶಿಕ್ಷಕನ ಖಾಸಗಿ ಅಭಿಪ್ರಾಯವಲ್ಲ, ಗಣರಾಜ್ಯದ ಪ್ರತಿಜ್ಞೆ. ಇಂಥ ಮಾತು ಕೇಳಿ ಕೆಲವು ಪಾಲಕರಿಗೆ ಮುಜುಗರವಾದರೆ ಅದು ಶಿಕ್ಷಕನ ತಪ್ಪಲ್ಲ. ನಡೆದ ಘಟನೆ, ಜಾರಿಯಲ್ಲಿರುವ ಕಾನೂನು, ಸರಕಾರವೇ ಪ್ರಕಟಿಸಿದ ಅಂಕಿಅಂಶ ಇವನ್ನು ಹೇಳುವುದೂ ರಾಜಕೀಯವಾಗದು, ಆಳುವವರಿಗೆ ಅದು ಕಹಿಯಾದರೂ. ಹೀಗೆ ಮೂರು ಪದರಗಳು ಸ್ಪಷ್ಟವಾಗುತ್ತವೆ: ಸತ್ಯಸಂಗತಿ ಮತ್ತು ಸಂವಿಧಾನದ ಮೌಲ್ಯಗಳನ್ನು ಶಿಕ್ಷಕ ನಿರ್ಭೀತನಾಗಿ ಕಲಿಸಬೇಕು, ನೀತಿಯ ಬಗೆಗಿನ ವಿವಾದಗಳನ್ನು ಎಲ್ಲ ಪಕ್ಕಗಳಿಂದ ತೆರೆದಿಡಬೇಕು, ಯಾರಿಗೆ ಮತ ಹಾಕಬೇಕೆಂಬುದನ್ನು ಮಾತ್ರ ಬಾಗಿಲಾಚೆ ಬಿಟ್ಟು ಬರಬೇಕು.

ಈ ವಿಷಯದಲ್ಲಿ ಜೈನ ಸಮಾಜಕ್ಕೆ ಹೊರಗಿನ ಉದಾಹರಣೆಗಳೇ ಬೇಕೆಂದಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪಂಡಿತ ಅರ್ಜುನಲಾಲ ಸೇಠಿಯವರು ಜೈಪುರದಲ್ಲಿ ಒಂದು ಜೈನ ವಿದ್ಯಾಲಯವನ್ನು ನಡೆಸುತ್ತಿದ್ದರು. ಧರ್ಮಶಿಕ್ಷಣದ ಜೊತೆಗೆ ಅಲ್ಲಿ ದೇಶದ ಬಿಡುಗಡೆಯ ಕಿಚ್ಚೂ ಹತ್ತುತ್ತಿತ್ತು. ಸೋಲಾಪುರ ಸೀಮೆಯಿಂದಲೂ ಹುಡುಗರು ಅಲ್ಲಿಗೆ ಓದಲು ಹೋಗಿದ್ದರು. ಅವರಲ್ಲೊಬ್ಬ ಮೋತಿಚಂದ್ ಶಾಹ. 1913ರಲ್ಲಿ ಬಿಹಾರದ ನಿಮೇಜ್ ಎಂಬಲ್ಲಿ, ಕ್ರಾಂತಿಕಾರ್ಯಕ್ಕೆ ಹಣ ಒದಗಿಸಲೆಂದು ನಡೆದ ದರೋಡೆಯ ಯತ್ನದಲ್ಲಿ ಮಹಂತರೊಬ್ಬರ ಕೊಲೆಯಾಯಿತು. ಆ ಪ್ರಕರಣದಲ್ಲಿ ಮೋತಿಚಂದ್ 1915ರಲ್ಲಿ ಗಲ್ಲಿಗೇರಿದ. ಸೇಠಿಯವರ ಮೇಲೆ ಕೊಲೆಯ ಆರೋಪ ನ್ಯಾಯಾಲಯದಲ್ಲಿ ಸಾಬೀತಾಗಲಿಲ್ಲ; ಆದರೂ ವಿಚಾರಣೆಯಿಲ್ಲದೆಯೇ ಜೈಪುರದಲ್ಲಿ, ಅನಂತರ ದೂರದ ವೇಲೂರಿನ ಸೆರೆಮನೆಯಲ್ಲಿ ಅವರು ವರ್ಷಗಟ್ಟಲೆ ಕಳೆದರು.

ಸೇಠಿಯವರ ತ್ಯಾಗ ದೊಡ್ಡದು. ಪ್ರಜೆಗಳ ಕೈಯಲ್ಲಿ ಅಧಿಕಾರವಿಲ್ಲದ, ಸ್ವತಂತ್ರ ಪತ್ರಿಕೆಗೆ ಅವಕಾಶವಿಲ್ಲದ ಪರಾಧೀನ ದೇಶದಲ್ಲಿ ಗುರುವೇ ಬಂಡಾಯದ ನಾಲಗೆಯಾದುದನ್ನು ಇಂದಿನ ಅಳತೆಗೋಲಿನಿಂದ ತೂಗುವುದು ನ್ಯಾಯವಲ್ಲ. ಆದರೆ ಆ ಕಥೆಯನ್ನು ಅಭಿಮಾನದಿಂದ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಸಂಗತಿಯಿದೆ. ಗುರುವಿನ ಮಾತಿಗೆ ತಕ್ಕಡಿಯಲ್ಲಿ ಎಷ್ಟು ತೂಕವಿದೆಯೆಂದು ಗುರುವಿಗೇ ತಿಳಿದಿರುವುದಿಲ್ಲ. ಆ ಪ್ರಕರಣದಲ್ಲಿ ಒಬ್ಬ ಬಡ ಮಹಂತನ ಪ್ರಾಣ ಹೋಯಿತು, ಒಬ್ಬ ಶಿಷ್ಯನ ಪ್ರಾಣವೂ ಹೋಯಿತು. ಮಾತು ಗುರುವಿನದು, ತೆತ್ತ ಬೆಲೆ ಶಿಷ್ಯನದು. ಇಂದಿನ ತರಗತಿಯಲ್ಲಿ ಪ್ರಾಣದ ಪ್ರಶ್ನೆಯಿಲ್ಲದಿರಬಹುದು. ಗೆಳೆತನ ಮುರಿಯುವುದು, ಒಂದು ಧರ್ಮದ ಸಹಪಾಠಿಯನ್ನು ಅನುಮಾನದಿಂದ ನೋಡಲು ಕಲಿಯುವುದು, ಇವೂ ಮಕ್ಕಳು ತೆರುವ ಬೆಲೆಯೇ.

ಅನೇಕಾಂತವನ್ನು ಪ್ರತಿ ಪರ್ಯೂಷಣದಲ್ಲಿಯೂ ಕೊಂಡಾಡುವ ಸಮಾಜವು ಅದರ ಶಿಸ್ತನ್ನು ಇಲ್ಲಿ ನೆನೆಯಬೇಕು. ವಸ್ತುವನ್ನು ಒಂದು ದೃಷ್ಟಿಯಿಂದ ಹೇಳುವುದು ನಯ. ಉಳಿದ ದೃಷ್ಟಿಗಳನ್ನು ಅಲ್ಲಗಳೆದು ತಾನೊಂದೇ ಪೂರ್ಣಸತ್ಯವೆಂದು ಹಟ ಹಿಡಿದರೆ ಅದೇ ನಯವು ದುರ್ನಯವಾಗುತ್ತದೆ. ಸಿದ್ಧಸೇನ ದಿವಾಕರರ ಸನ್ಮತಿತರ್ಕದಿಂದ ಮುಂದಕ್ಕೆ ಜೈನ ತರ್ಕವು ಈ ಭೇದವನ್ನು ಬಿಟ್ಟುಕೊಟ್ಟಿಲ್ಲ. ಎಲ್ಲ ಮಾತೂ ಸಮಾನವೆಂಬ ಸಡಿಲ ಉದಾರತೆ ಅನೇಕಾಂತವಲ್ಲ. ಸ್ಯಾದ್ವಾದವು ಸಂಶಯವಾದವೂ ಅಲ್ಲ. ಯಾವ ಅಪೇಕ್ಷೆಯಿಂದ ಹೇಳುತ್ತಿದ್ದೇನೆಂಬುದನ್ನು ಹೇಳಿಯೇ ಹೇಳು ಎಂಬುದು ಅದರ ಕಟ್ಟಳೆ. ಶಿಕ್ಷಕನಿಗೆ ಇದಕ್ಕಿಂತ ಒಳ್ಳೆಯ ಆಚಾರಸಂಹಿತೆ ಬೇರೆ ಬೇಕಿಲ್ಲ.

ಲೌಕಿಕ ವೃತ್ತಿಗಳಲ್ಲಿಯೂ ಇದಕ್ಕೆ ಸಮಾನವಾದ ಶಿಸ್ತಿದೆ. ಲೆಕ್ಕ ಪರಿಶೋಧಕನ ಕೆಲಸವೇ ಅಭಿಪ್ರಾಯ ಹೇಳುವುದು. ಆಯವ್ಯಯ ಪತ್ರದ ಕೆಳಗೆ ಅವನು ಸಹಿ ಹಾಕುವುದು ತನ್ನ ಅಭಿಪ್ರಾಯಕ್ಕೆ. ಆದರೂ ತಾನು ಪರಿಶೋಧಿಸುವ ಕಂಪನಿಯ ಒಂದು ಷೇರನ್ನೂ ಅವನು ಹೊಂದಿರಕೂಡದೆಂದು 2013ರ ಕಂಪನಿ ಕಾಯಿದೆ ವಿಧಿಸುತ್ತದೆ. ಅಭಿಪ್ರಾಯಕ್ಕೆ ಆಧಾರ ತೋರಿಸಬೇಕು, ಅದೇ ದಾಖಲೆಗಳಿಂದ ಇನ್ನೊಬ್ಬನು ಅದನ್ನು ಪರೀಕ್ಷಿಸುವಂತಿರಬೇಕು, ಫಲಿತಾಂಶದಲ್ಲಿ ತನಗೆ ಲಾಭವಿರಬಾರದು. ತರಗತಿಯಲ್ಲಿ ಆಡುವ ಪ್ರತಿ ರಾಜಕೀಯ ಮಾತಿಗೂ ಈ ಮೂರು ಪರೀಕ್ಷೆಗಳನ್ನು ಒಡ್ಡಬಹುದು. ಕೊನೆಯ ಲೆಕ್ಕ ಇನ್ನೂ ಸುಲಭ: ಶಿಕ್ಷಕನ ಮಾತನ್ನು ಒಪ್ಪದ ವಿದ್ಯಾರ್ಥಿಗೆ ಅಂಕದಲ್ಲಾಗಲಿ ಆದರದಲ್ಲಾಗಲಿ ನಷ್ಟವಾಯಿತೇ? ಆಗಿಲ್ಲವಾದರೆ ಆ ತರಗತಿ ಶುದ್ಧವಾಗಿದೆ.

ಶಿಕ್ಷಕರಿಗೆ ಇಷ್ಟು ಹೇಳಿದ ಮೇಲೆ ಸಮಾಜವು ತನ್ನ ಕಡೆಯ ಬಾಕಿಯನ್ನೂ ತೀರಿಸಬೇಕು. ಜೈನ ಟ್ರಸ್ಟುಗಳು ಅನೇಕ ಊರುಗಳಲ್ಲಿ ಶಾಲೆ, ಕಾಲೇಜು, ವಸತಿಗೃಹಗಳನ್ನು ನಡೆಸುತ್ತಿವೆ. ಚುನಾವಣೆಯ ಹೊತ್ತಿನಲ್ಲಿ ಆಡಳಿತ ಮಂಡಳಿಯ ಹಿರಿಯರೇ ಅಭ್ಯರ್ಥಿಯನ್ನು ಶಾಲೆಯ ವೇದಿಕೆಗೆ ಕರೆತಂದು, ಶಿಕ್ಷಕರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರೆ ಶಿಕ್ಷಕನಿಂದ ಯಾವ ನಿಷ್ಪಕ್ಷತೆಯನ್ನು ನಿರೀಕ್ಷಿಸಬಹುದು? ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣಾ ಕರ್ತವ್ಯಗಳ ಹೊರತು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆನ್ನುತ್ತದೆ. ಚುನಾವಣಾ ಕರ್ತವ್ಯವೆಂದರೆ ಮತಗಟ್ಟೆಯ ಕೆಲಸ, ಪ್ರಚಾರದ ಕೆಲಸವಲ್ಲ. ಭಾನುವಾರದ ಧರ್ಮ ಪಾಠಶಾಲೆಗೂ ಇದೇ ಮಾತು ಅನ್ವಯ. ಣಮೋಕಾರ ಮಂತ್ರ ಕಲಿಯಲು ಬಂದ ಮಗುವಿಗೆ ಯಾವ ಸಮುದಾಯವನ್ನು ನಂಬಬಾರದೆಂಬ ಪಾಠ ಸಿಕ್ಕರೆ, ಅದು ಶಾಲೆಯ ಶಿಕ್ಷಕನ ಯಾವ ಅತಿರೇಕಕ್ಕಿಂತಲೂ ಹೆಚ್ಚಿನ ಹಾನಿ.

ಆದುದರಿಂದ ಮಾಡಬೇಕಾದ ಕೆಲಸಗಳು ಸ್ಪಷ್ಟ. ಪ್ರತಿ ಟ್ರಸ್ಟೂ ತನ್ನ ಶಾಲೆಗೆ ಒಂದು ಪುಟದ ಲಿಖಿತ ನಿಯಮವನ್ನು ಮಾಡಲಿ. ಅದು ಶಿಕ್ಷಕರಿಗೂ ಆಡಳಿತ ಮಂಡಳಿಗೂ ಸಮನಾಗಿ ಅನ್ವಯಿಸಲಿ. ಪಾಲಕರ ದೂರು ಬಂದಾಗ, ತುಂಡು ವೀಡಿಯೋ ನೋಡಿ ತೀರ್ಮಾನಿಸದೆ, ಶಿಕ್ಷಕರ ಪೂರ್ತಿ ಮಾತನ್ನು ಕೇಳಿ ವಿಚಾರಿಸಲಿ. ಒಂದೇ ಮಾತಿಗೆ ಕೆಲಸ ಕಳೆಯುವ ಶಿಕ್ಷೆ ಯಾವ ನ್ಯಾಯಕ್ಕೂ ಸಲ್ಲದು. 2023ರ ಆ ಬೋಧಕರ ಮಾತು ತಪ್ಪಿರಬಹುದು, ಅದಕ್ಕೆ ತಿಳಿವಳಿಕೆಯ ಒಂದು ನುಡಿ ಸಾಕಾಗುತ್ತಿತ್ತು. ಪಾಲಕರಾದರೋ ದೂರು ಬರೆಯುವ ಮೊದಲು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇದೇ ಮಾತನ್ನು ತಮ್ಮ ಪಕ್ಷದ ಪರವಾಗಿ ಆಡಿದ್ದರೆ ದೂರು ಕೊಡುತ್ತಿದ್ದರೇ?

ಚುನಾವಣೆ ಹತ್ತಿರವಾದಾಗ ಯಾವುದೋ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು, “ಸರ್, ನಿಮ್ಮ ಮತ ಯಾರಿಗೆ?” ಎಂದು ಕೇಳಿಯೇ ಕೇಳುತ್ತಾನೆ. ಸಿಡುಕುವುದೂ ಬೇಡ, ಸುಳ್ಳು ಹೇಳುವುದೂ ಬೇಡ. ತನಗೊಂದು ಅಭಿಪ್ರಾಯವಿದೆಯೆಂದೂ, ಮತ ಗುಪ್ತವಾಗಿರುವುದು ಯಾಕೆಂದೂ ಶಿಕ್ಷಕ ಹೇಳಲಿ. ಆಮೇಲೆ ಎಲ್ಲ ಪಕ್ಷಗಳ ಪ್ರಣಾಳಿಕೆಗಳನ್ನು ಮೇಜಿನ ಮೇಲಿಟ್ಟು, ಓದಿ ವಾದಿಸಿರಿ ಎನ್ನಲಿ. ಮೂರು ವರ್ಷದ ಬಳಿಕ ಆ ಹುಡುಗ ಮತಗಟ್ಟೆಯೊಳಗೆ ಒಬ್ಬನೇ ನಿಂತಾಗ, ಅವನ ಬೆರಳನ್ನು ಗುರುವಿನ ಕೈ ಹಿಡಿದು ಒತ್ತಿಸಬಾರದು. ಗುರು ಕಲಿಸಿದ ವಿವೇಕ ಅವನ ಜೊತೆಗಿದ್ದರೆ ಸಾಕು.