ಬರನಾಡಿನ ಮರಗಪ್ಪೆಗೊಂದು ನಕ್ಷೆ

ಸಾಂಗಲಿ ಜಿಲ್ಲೆಯ ಪಶ್ಚಿಮದಂಚು ಚಾಂದೋಲಿಯ ಕಾಡಾಗಿ ಸಹ್ಯಾದ್ರಿಯ ಮಳೆಯಲ್ಲಿ ನೆನೆಯುತ್ತಿರುವಾಗ, ಅದೇ ಜಿಲ್ಲೆಯ ಪೂರ್ವದಂಚಿನ ಜತ್ತ ತಾಲೂಕು ಮಳೆನೆರಳಿನಲ್ಲಿ ಕುಳಿತು, ಮೃಗಶಿರೆ ಹೋಯಿತು, ಆರಿದ್ರೆಯೂ ಹೋಯಿತು ಎಂದು ನಕ್ಷತ್ರಗಳನ್ನೆಣಿಸುತ್ತಿರುತ್ತದೆ. ಕಪ್ಪೆಗಳನ್ನರಸಿ ಹೊರಟ ವಿದ್ವಾಂಸನು ಇವೆರಡರಲ್ಲಿ ಯಾವ ದಿಕ್ಕನ್ನು ಹಿಡಿದಾನೆಂಬುದನ್ನು ಹೇಳಬೇಕಾಗಿಲ್ಲ. ಬುಲೆಂಜರ್ ಪಂಡಿತನು 1883ರಲ್ಲಿ ವರ್ಣಿಸಿದ, ಪಕ್ಕೆಯುದ್ದಕ್ಕೂ ಹಳದಿ ಗೆರೆಯುಳ್ಳ ಪುಟ್ಟ ಮರಗಪ್ಪೆಯೊಂದು ಶತಮಾನಕ್ಕೂ ಮಿಕ್ಕಿ ಅಜ್ಞಾತವಾಗಿದ್ದು, ಕೊಡಗಿನಲ್ಲಿ ಮರಳಿ ದೊರೆತ ವಾರ್ತೆ 2000ರಲ್ಲಿ ಪ್ರಕಟವಾದ ಮೇಲೆ, ಅದರ ನೆಲೆಗಳನ್ನು ಕಾಫಿ ತೋಟಗಳಲ್ಲಿ ಅರಸಿದವರುಂಟು, ಅದು ಯುಕ್ತವೇ. ಆದರೆ ದುರ್ಲಭಕ್ಕೆ ಸಲ್ಲುವ ಈ ಶ್ರದ್ಧೆಯಲ್ಲಿ ಒಂದು ಪಾಲಾದರೂ ಸಾಮಾನ್ಯಕ್ಕೆ ಸಲ್ಲಬೇಕೆಂಬುದೂ, ಅದನ್ನು ಜತ್ತದಂಥ ಒಣನೆಲದಿಂದಲೇ ಆರಂಭಿಸಬೇಕೆಂಬುದೂ ನನ್ನ ಅಭಿಪ್ರಾಯ.

ನಾನು ಹೇಳುತ್ತಿರುವುದು 1830ರಲ್ಲಿ ಗ್ರೇ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞನು ಬಂಗಾಳದ ಮಾದರಿಯಿಂದ ಶಾಸ್ತ್ರೀಯವಾಗಿ ಹೆಸರಿಸಿದ ನಮ್ಮ ಸಾಮಾನ್ಯ ಮರಗಪ್ಪೆಯ ಮಾತು. ಮರಗಪ್ಪೆಯೆನಿಸಿಕೊಂಡರೂ ಇದು ಮನುಷ್ಯನ ಮನೆಯನ್ನು ಮೆಚ್ಚಿದ ಜೀವ. ಬೆರಳ ತುದಿಯ ಬಿಲ್ಲೆಗಳಿಂದ ಬಚ್ಚಲ ಗೋಡೆಗೆ ಅಂಟಿಕೊಂಡು, ಕೈಕಾಲುಗಳನ್ನು ಮೈಯಡಿಗೆ ಮಡಚಿ, ಮೈಬಣ್ಣವನ್ನು ತಿಳಿಯಾಗಿಸಿಕೊಂಡು, ಹಗಲೆಲ್ಲ ಕದಲದೆ ಕುಳಿತಿರುತ್ತದೆ. ತೊಡೆಯ ಹಿಂಬದಿಯ ಹಳದಿ ಚುಕ್ಕೆಗಳು ಕಾಣಬೇಕಾದರೆ ಅದು ಕಾಲು ಚಾಚುವವರೆಗೂ ಕಾಯಬೇಕು. ಚರ್ಮದಿಂದ ಜಿನುಗುವ ಲೋಳೆಯನ್ನೂ ಜಿಡ್ಡನ್ನೂ ಕೈಕಾಲುಗಳಿಂದ ಮೈತುಂಬ ಸವರಿಕೊಂಡು ಇದು ದೇಹದ ತೇವ ಆರದಂತೆ ನೋಡಿಕೊಳ್ಳುತ್ತದೆಂದು 1997ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ನಿತ್ಯ ಅಭ್ಯಂಜನದ ಈ ಕಪ್ಪೆಗೆ ಬರನಾಡು ಅಷ್ಟೇನೂ ಪರಕೀಯವಾಗಿರಲಾರದು. ಮಳೆಗಾಲದ ರಾತ್ರಿ ಹೆಣ್ಣು ತನ್ನ ಸ್ರಾವವನ್ನು ಹಿಂಗಾಲುಗಳಿಂದ ಕಡೆದು ನೊರೆಯೆಬ್ಬಿಸಿ, ನೀರಿನ ಮೇಲಣ ಕೊಂಬೆಗೋ ಹೌದಿನ ಒಳಗೋಡೆಗೋ ಗೂಡು ಕಟ್ಟಿ, ಅದರೊಳಗೆ ಮೊಟ್ಟೆಯಿಡುತ್ತದೆ. ಹೊರಪದರ ಒಣಗಿದರೂ ಒಳಗೆ ತೇವ ನಿಂತು, ಕೆಲವು ದಿನಗಳಲ್ಲಿ ಮರಿಗಳು ಕೆಳಗಿನ ನೀರಿಗೆ ಉದುರುತ್ತವೆ. ಆ ಹೊತ್ತಿಗೆ ಕೆಳಗೆ ನೀರು ಉಳಿದಿರಬೇಕು, ಅಷ್ಟೆ. ಜತ್ತದಲ್ಲಿ ಅದೇ ಅನುಮಾನದ ಸಂಗತಿ.

ವ್ಯಾಪ್ತಿಯ ನಕ್ಷೆಗಳನ್ನು ಬಿಡಿಸುವವರು ಈ ಕಪ್ಪೆಯ ಪಾಲಿಗೆ ಭರತಖಂಡದ ಬಹುಭಾಗವನ್ನು ಒಂದೇ ಬಣ್ಣದಿಂದ ತುಂಬಿಬಿಡುತ್ತಾರೆ. ಅಲ್ಲಿ ಕಂಡಿತು, ಇಲ್ಲಿಯೂ ಕಂಡಿತು, ಆದಕಾರಣ ನಡುವೆಯೂ ಇರಲೇಬೇಕೆಂಬ ತರ್ಕವು ತಪ್ಪೇನಲ್ಲವಾದರೂ, ಜತ್ತ ತಾಲೂಕಿನ ಉಮದಿಯಲ್ಲಿರುವ ಕಪ್ಪೆ ಅಲ್ಲಿಯದೇ ಸಂಖದಲ್ಲಿಯೂ ಇದೆಯೇ, ಗುಡ್ಡಾಪುರದ ದಾನಮ್ಮದೇವಿಯ ಯಾತ್ರಿಕರು ಇಳಿದುಕೊಳ್ಳುವಲ್ಲಿ ಅದು ಕೂಗುತ್ತದೆಯೇ ಎಂಬ ಪ್ರಶ್ನೆಗೆ ಆ ಬಣ್ಣದಲ್ಲಿ ಉತ್ತರವಿಲ್ಲ. ಮೇಲಾಗಿ ಪ್ರಾಣಿಗಳ ಪಟ್ಟಿಗಳನ್ನು ನಾವು ರಾಜ್ಯವಾರು ಮಾಡುವವರು. ಜತ್ತವು ಮಹಾರಾಷ್ಟ್ರದ ಪಟ್ಟಿಯ ಬಾಲದಲ್ಲಿಯೂ ಕರ್ನಾಟಕದ ಪಟ್ಟಿಯ ಬೇಲಿಯಾಚೆಯೂ ಉಳಿದಿದೆ.

ಕಪ್ಪೆಯ ಇರವನ್ನು ಊರೂರಿಗೆ ಗುರುತಿಸಿಡುವ ಕೆಲಸಕ್ಕೆ ಈಗಲೇ ಕೈಹಚ್ಚಬೇಕೆನ್ನಲು ಕಾರಣ ನೀರು. 2012ರಲ್ಲಿ ಈ ತಾಲೂಕಿನ 40 ಗ್ರಾಮಗಳು ನೀರಿಲ್ಲದ ಬೇಗೆಯಲ್ಲಿ ಕರ್ನಾಟಕಕ್ಕೆ ಸೇರುವ ಮಾತೆತ್ತಿದುದು ಎಲ್ಲರಿಗೂ ನೆನಪಿದೆ. ಮ್ಹೈಸಾಳ ಏತ ನೀರಾವರಿಯ ಮೂಲಕ ಕೃಷ್ಣೆಯ ನೀರು ಮೆಟ್ಟಿಲುಮೆಟ್ಟಿಲಾಗಿ ಮೇಲೇರಿ ಇತ್ತ ಬರುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಕಾಲುವೆ ಬಂದ ಊರಿನಲ್ಲಿ ಮುಂದೆ ಮರಗಪ್ಪೆ ಕಂಡರೆ, ಅದು ಹಿಂದೆಯೂ ಇದ್ದುದೋ, ನೀರಿನ ಬೆನ್ನುಹತ್ತಿ ಬಂದುದೋ ಎಂದು ನಿರ್ಣಯಿಸಲು, ಕಾಲುವೆ ಬರುವ ಮುಂಚಿನ ಬರವಣಿಗೆ ಬೇಕು. ಅದನ್ನು ಅನಂತರ ಬರೆಯಲಾಗದು.

ಕುಡಿಯಲು ಟ್ಯಾಂಕರ್ ಕಾಯುವವರಿಗೆ ಕಪ್ಪೆಯ ಗೊಡವೆಯೇಕೆಂದು ಕೇಳುವವರಿದ್ದಾರೆ. ಕೇಳಲಿ, ಒಂದು ನೋಟುಬುಕ್ಕಿನ ವೆಚ್ಚದಿಂದ ಯಾರ ಕೊಡವೂ ಬರಿದಾಗದು, ಮತ್ತು ಹೌದು-ಬಾವಿಗಳ ನೀರಿನ ಮಟ್ಟವೂ ಅದೇ ಪುಟದಲ್ಲಿ ದಾಖಲಾಗುತ್ತದೆ. ತಾಲೂಕಿನ ಕನ್ನಡ ಮತ್ತು ಮರಾಠಿ ಶಾಲೆಗಳ ಮೇಲಿನ ತರಗತಿಯ ಮಕ್ಕಳು ಮಳೆಗಾಲದ ರಾತ್ರಿ ತಮ್ಮ ಮನೆಯಲ್ಲಿಯೇ ಕಂಡದ್ದನ್ನು, ಕಪ್ಪೆಯನ್ನು ಮುಟ್ಟದೆ, ಹಿರಿಯರ ಮೊಬೈಲಿನಲ್ಲಿ ಚಿತ್ರ ತೆಗೆದು, ಊರು ದಿನಾಂಕಗಳೊಡನೆ ಬರೆದಿಟ್ಟರೆ ಸಾಕು. ಕಾಣದ ರಾತ್ರಿಯನ್ನೂ ಬರೆಯತಕ್ಕದ್ದು. ಇಲ್ಲವೆಂಬ ದಾಖಲೆಯಿಲ್ಲದಿದ್ದರೆ ಇದೆಯೆಂಬುದಕ್ಕೆ ಅರ್ಧ ಬೆಲೆ.

ಬರೆದದ್ದು ಉಳಿಯಲೂ ಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣರಾವ್ 1937ರಲ್ಲಿ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದರು. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ಅವರದೇ ಹೆಸರು ಬಂದಿತು. ಆದರೆ ಅವರ ಮೂಲ ಮಾದರಿಗಳು ಕಳೆದುಹೋದುದರಿಂದ, ಅವರು ಕಂಡ ಕಪ್ಪೆ ಯಾವುದೆಂದು ನಿಶ್ಚಯಿಸಲು ಮುಂದಿನವರು ಬಹಳ ತೊಳಲಬೇಕಾಯಿತು. ಆದ್ದರಿಂದ ಜತ್ತದ ಮಕ್ಕಳ ಪುಸ್ತಕದ ಒಂದು ಪ್ರತಿ ಪುಣೆಯಲ್ಲಿರುವ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಕೇಂದ್ರಕ್ಕೆ ಹೋಗಲಿ, ಇನ್ನೊಂದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬರಲಿ, ಮೂಲವು ಶಾಲೆಯ ಕಪಾಟಿನಲ್ಲಿರಲಿ.