ಯಾಂಗ್ ಹೇಡಿಯೆ?

ಜಪಾನಿನ ‘ಲೆಜೆಂಡ್ ಆಫ್ ದಿ ಗ್ಯಾಲಾಕ್ಟಿಕ್ ಹೀರೋಸ್’ (1988–97) ಎಂಬ 110 ಕಂತುಗಳ ಚಿತ್ರಮಾಲೆಯನ್ನು ಯುದ್ಧಕಾವ್ಯವೆಂದು ಕೊಂಡಾಡುವ ಮಿತ್ರರ ಮಾತನ್ನು ನಾನೊಪ್ಪಲಾರೆ. ಅದರಲ್ಲಿ ಯುದ್ಧವೇ ಬಡಕಲು. ಮೇಲು ಕೆಳಗೆಂಬುದೇ ಇಲ್ಲದ ಆಕಾಶದಲ್ಲೂ ನೌಕೆಗಳು ಚದುರಂಗದ ಕಾಯಿಗಳಂತೆ ಸಾಲುಗಟ್ಟುತ್ತವೆ! ಸ್ತ್ರೀಪಾತ್ರಗಳೋ, ಬೆರಳೆಣಿಕೆ.

ಅದರ ಸತ್ತ್ವವಿರುವುದು ವರ್ಮಿಲಿಯನ್ ಕದನದ ಕೊನೆಯಲ್ಲಿ. ಮುಂದೆ ಚಕ್ರವರ್ತಿಯಾಗಲಿರುವ ರೈನ್‌ಹಾರ್ಡ್, ಪ್ರಜಾಪ್ರಭುತ್ವದ ಸೇನಾನಿ ಯಾಂಗನ ಫಿರಂಗಿಗಳೆದುರು ಸಿಕ್ಕಿಬಿದ್ದಿದ್ದಾನೆ. ಅತ್ತ ರಾಜಧಾನಿಯಲ್ಲಿ ಶತ್ರುವಿಗೆ ಮಣಿದ ಸರಕಾರ ಕದನ ನಿಲ್ಲಿಸೆಂದು ಆಜ್ಞೆ ಕಳಿಸುತ್ತದೆ. ಯಾಂಗ್ ನಿಲ್ಲಿಸುತ್ತಾನೆ. ಹೇಡಿತನವೆನ್ನುತ್ತಾರೆ ನನ್ನ ಮಿತ್ರರು. ಆಜ್ಞೆಯಿತ್ತವರು ನೀಚರೆಂಬುದು ನಿಜವೇ. (ಮೂಲ ಕಾದಂಬರಿಕಾರ ಯೋಶಿಕಿ ತನಾಕಾ ರೂಪ-ಪ್ರತಿಭೆಗಳನ್ನೆಲ್ಲ ರೈನ್‌ಹಾರ್ಡನಿಗೆ ಧಾರೆಯೆರೆದು, ಪ್ರಜೆಗಳ ಪಾಲಿಗೆ ಇಂಥ ರಾಜಕಾರಣಿಗಳನ್ನು ಉಳಿಸಿದ್ದು ಪಕ್ಷಪಾತ.) ಆದರೂ ಸರಕಾರದ ಮಾತು ತನಗೆ ಹಿಡಿಸಿದಾಗ ಮಾತ್ರ ಕೇಳುವ ಸೇನಾನಿಗೂ ಆ ಚಕ್ರವರ್ತಿಗೂ ಭೇದವೇನು? ಮಿತ್ರರು ಇದಕ್ಕೆ ಉತ್ತರ ಹೇಳಲಿ.