ಮುಖ ತಿರುಗಿಸಿದ ಮೊಮ್ಮಗ

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ನಿಮ್ಮ ಅಜ್ಜ-ಅಜ್ಜಿಗೂ ಓದಿ ಹೇಳಿ.

ಸೊಸೆ ಎರಡನೇ ಹೆರಿಗೆಗೆ ಆಸ್ಪತ್ರೆಗೆ ಹೊರಟಾಗ ಮೊಮ್ಮಗನಿಗೆ ಎರಡೂವರೆ ವರ್ಷ. "ಅವನು ಮಲಗಿದ್ದಾಗಲೇ ಹೊರಟುಬಿಡಮ್ಮ, ಕಂಡರೆ ಅಳುತ್ತಾನೆ" ಎಂದು ಬುದ್ಧಿ ಹೇಳಿದವನು ನಾನೇ. ಎದ್ದವನು ಮನೆಯೆಲ್ಲ ಹುಡುಕಿದ. "ಅಮ್ಮ ಈಗ ಬರ್ತಾಳೆ" ಎಂದೆ. ಮರುದಿನವೂ ಅದನ್ನೇ ಹೇಳಿದೆ. ಮೂರನೆಯ ದಿನ ಅವನು ಕೇಳುವುದನ್ನೇ ಬಿಟ್ಟ. "ಜಾಣಮರಿ, ಮರೆತೇಬಿಟ್ಟ" ಎಂದು ಹಿಗ್ಗಿದೆ.

ಆರನೆಯ ದಿನ ಸೊಸೆ ಪಾಪುವಿನೊಡನೆ ಬಂದು ಕೈ ಚಾಚಿದಳು. ಇವನು ಮುಖ ತಿರುಗಿಸಿ ನನ್ನ ಪಂಚೆಯ ಹಿಂದೆ ಅಡಗಿಕೊಂಡ. ಆಮೇಲೆ ತಟ್ಟೆ ಎಸೆಯುವುದು, ಹಾಸಿಗೆ ಒದ್ದೆ ಮಾಡುವುದು, ಅಮ್ಮ ಬಚ್ಚಲಿಗೆ ಹೋದರೂ ಬಾಗಿಲು ಬಡಿಯುವುದು ಶುರುವಾಯಿತು. "ಹಠಮಾರಿ!" ಎಂದು ಗದರಿದೆ.

ಆ ರಾತ್ರಿ, ಹಿಂದೆಂದೋ ಓದಿದ್ದು ನೆನಪಾಯಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಒಂದು ಕಾಲಕ್ಕೆ ಮಕ್ಕಳನ್ನು ನೋಡಲು ಹೆತ್ತವರಿಗೆ ಬಹಳ ಕಡಿಮೆ ಅವಕಾಶವಿತ್ತು. ಅವರನ್ನು ಕಂಡರೆ ಮಕ್ಕಳು ಅಳುತ್ತವೆ ಎಂಬುದು ಅಲ್ಲಿನವರ ವಾದ. ನನ್ನ ವಾದವೂ ಅದೇ ತಾನೆ? ಜೇಮ್ಸ್ ರಾಬರ್ಟ್‌ಸನ್ ಎಂಬವರು, ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಚಲನಚಿತ್ರ ತೆಗೆದು 1952ರಲ್ಲಿ ತೋರಿಸಿದರು. ಅವಳು ದೊಡ್ಡ ರಂಪವನ್ನೇನೂ ಮಾಡಲಿಲ್ಲ. ಆಟದ ಕರಡಿಯನ್ನು ಅಪ್ಪಿಕೊಂಡು ಬಹುಪಾಲು ಸುಮ್ಮನಿದ್ದಳು. ಆದರೆ ಮನೆಗೆ ಹೊರಟ ದಿನ ಅಮ್ಮನ ಕೈ ಹಿಡಿಯಲಿಲ್ಲ. ಮಗು ಸುಮ್ಮನಾದ ಮಾತ್ರಕ್ಕೆ ನೆಮ್ಮದಿಯಾಗಿದೆ ಎಂದಲ್ಲ ಎಂಬುದನ್ನು ರಾಬರ್ಟ್‌ಸನ್ ತೋರಿಸಿಕೊಟ್ಟರು. 1959ರಲ್ಲಿ ಅಲ್ಲಿನ ಸರ್ಕಾರಿ ಸಮಿತಿಯೊಂದು, ಹೆತ್ತವರು ಮಗುವನ್ನು ನೋಡಲು ನಿರ್ಬಂಧ ಬೇಡ ಎಂದು ಶಿಫಾರಸು ಮಾಡಿತು.

ಹಾಗಾದರೆ ನಮ್ಮ ಹುಡುಗನದು ಹಠವಲ್ಲ. "ನನ್ನನ್ನು ಬಿಟ್ಟು ಎಲ್ಲಿಗೆ ಹೋಗಿದ್ದೆ?" ಎಂದು ಕೇಳಲು ಅವನಿಗೆ ಮಾತು ಬರುತ್ತಿರಲಿಲ್ಲ, ಅಷ್ಟೇ.

ಮರುದಿನದಿಂದ ಮಧ್ಯಾಹ್ನದ ಹೊತ್ತು ಪಾಪುವನ್ನು ನಾನು ಎತ್ತಿಕೊಂಡೆ. ಸೊಸೆ ಇವನ ಚಾಪೆಯ ಮೇಲೆ ಸುಮ್ಮನೆ ಕೂತಳು; ಕರೆಯಲೂ ಇಲ್ಲ, ಬೈಯಲೂ ಇಲ್ಲ. ಮೊದಲು ಅವಳ ಸೆರಗಿನ ತುದಿ ಮುಟ್ಟಿದ. ವಾರ ಕಳೆಯುವಷ್ಟರಲ್ಲಿ ಮಡಿಲೇರಿದ. ಹಾಸಿಗೆ ಒಣಗಲು ಇನ್ನೂ ಎರಡು ತಿಂಗಳು ಬೇಕಾಯಿತು.

ಈಗ ನಮ್ಮ ಮನೆಯಲ್ಲಿ ಯಾರೂ ಮಗುವಿನ ಕಣ್ಣು ತಪ್ಪಿಸಿ ಹೋಗುವುದಿಲ್ಲ. ಹೇಳಿಯೇ ಹೊರಡುತ್ತೇವೆ. ಅವನು ಅಳುತ್ತಾನೆ, ಅಳಲಿ, ನಾನು ಎತ್ತಿಕೊಂಡಿರುತ್ತೇನೆ. ಹೇಳಿದ ಹೊತ್ತಿಗೆ ಅಮ್ಮ ಬಂದಾಗ ಓಡಿಹೋಗಿ ಗೇಟು ತೆಗೆಯುವವನೂ ಅವನೇ.

ಮಕ್ಕಳೇ, ನಿಮ್ಮ ತಮ್ಮನೋ ತಂಗಿಯೋ ಹೀಗೆ ಮುಖ ತಿರುಗಿಸಿದರೆ "ಹಠಮಾರಿ" ಎನ್ನಬೇಡಿ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿರಿ.